ಕರಡಿ ಕಿವಿಯ ಕುಲಾವಿ

ಧಾರವಾಡದ ಕಡೆಯ ಹಳೆಯ ಮನೆಗಳಲ್ಲಿ ಟ್ರಂಕು ತೆರೆದರೆ ಇಂದಿಗೂ ಒಂದು ಕುಲಾವಿಯೋ ಕುಂಚಿಗೆಯೋ ಸಿಗುವುದುಂಟು. ಕುಲಾವಿ ಕೂಸಿನ ತಲೆ ಮತ್ತು ಕಿವಿಗಳನ್ನು ಮುಚ್ಚಿ ಗದ್ದದ ಕೆಳಗೆ ಕಟ್ಟುವಂಥದ್ದು. ಕುಂಚಿಗೆಯಾದರೆ ತಲೆಯಿಂದ ಇಳಿದು ಬೆನ್ನನ್ನೂ ಹೊದಿಸುತ್ತದೆ. ಗುಳೇದಗುಡ್ಡದ ಖಣದಲ್ಲಿ, ಅಂದರೆ ಕುಪ್ಪಸದ ಬಟ್ಟೆಯಲ್ಲಿ ಹೊಲಿದವು, ಹಳೆಯ ಇಳಕಲ್ ಸೀರೆಯನ್ನು ಕತ್ತರಿಸಿ ಹೊಲಿದವು, ಅಂಚಿಗೆ ಬೇರೆ ಬಣ್ಣದ ಪಟ್ಟಿ ಕೊಟ್ಟವು, ಹೀಗೆ ಒಂದೊಂದು ಮನೆಯದು ಒಂದೊಂದು ಬಗೆ. ಕಸೂತಿ ಹಾಕಿದ ಕುಂಚಿಗೆಗಳಲ್ಲಿ ಆನೆ, ನವಿಲು, ಗಿಳಿಗಳು ಸಾಲಾಗಿ ನಿಂತಿರುತ್ತವೆ. ಎಳೆಯ ಮಗುವಿನ ತಲೆಯ ಮೇಲೆ ಒಂದು ಪ್ರಾಣಿ ಇರಲಿ ಎಂಬ ಆಸೆ ನಮ್ಮ ಹೆಂಗಸರಿಗೆ ಹಿಂದಿನಿಂದಲೂ ಇತ್ತು ಎಂಬುದಕ್ಕೆ ನನಗೆ ಅಷ್ಟು ಸಾಕು. ಚೀನಾದಲ್ಲಿ ಮಕ್ಕಳಿಗೆ ಹುಲಿಮುಖದ ಟೋಪಿ ಹಾಕುವ ಹಳೆಯ ಪದ್ಧತಿಯಿದೆ. ಹುಲಿ ಕೆಟ್ಟದ್ದನ್ನು ದೂರವಿಡುತ್ತದೆ ಎಂಬ ನಂಬಿಕೆ ಅದರ ಹಿಂದಿದೆ. ಕಸೂತಿಯ ಆನೆ ಬಟ್ಟೆಯ ಮೇಲೆ ನಡೆಯುತ್ತದೆ. ಹುಲಿಯ ಟೋಪಿಯಲ್ಲಿ ಟೋಪಿಯೇ ಹುಲಿಯಾಗುತ್ತದೆ. ಕ್ರೋಶಾ ಕಡ್ಡಿ ಹಿಡಿದು ಪ್ರಾಣಿಯ ಟೋಪಿ ಹೆಣೆಯುವವರು ಮಾಡಬೇಕಾದದ್ದು ಈ ಎರಡನೆಯ ಕೆಲಸ, ಮತ್ತು ಅದು ನೋಡಿದಷ್ಟು ಸುಲಭವಲ್ಲ.

ಈ ಚಳಿಗಾಲಕ್ಕೆ ನನ್ನ ತಮ್ಮನ ಮಗಳಿಗೆ ಅಂಥದ್ದೊಂದನ್ನು ಹೆಣೆದೆ. ಅವಳಿಗೆ ಮೂರು ವರ್ಷ, ಊರು ಬೀದರ್. ದೀಪಾವಳಿ ಕಳೆದ ಮೇಲೆ ಮನೆದೇವರ ಗುಡಿಯಲ್ಲಿ ಅವಳ ಜವಳ ತೆಗೆಸಿದ್ದರು. ಡಿಸೆಂಬರ್, ಜನವರಿಯ ಕೆಲವು ಬೆಳಗುಗಳಲ್ಲಿ ಬೀದರಿನಲ್ಲಿ ಉಷ್ಣಾಂಶ 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿಯುತ್ತದೆ; ಎರಡೂ ಬದಿ ತೆರೆದಿರುವ ಆಟೊದಲ್ಲಿ ಶಾಲೆಗೆ ಹೋಗುವ, ಆಗಷ್ಟೇ ತಲೆ ಬೋಳಿಸಿದ ಮಗುವಿಗೆ ಅದು ಸಣ್ಣ ಚಳಿಯೇನಲ್ಲ. ಅಂಗಡಿಯಿಂದ ತಂದ ಮಂಕಿ ಕ್ಯಾಪನ್ನು ಅವಳು ಹಾಕಿಕೊಳ್ಳಲು ಒಪ್ಪಲಿಲ್ಲ. ಮತ್ತೆಂಥದ್ದು ಬೇಕವ್ವಾ ಎಂದು ಫೋನಿನಲ್ಲಿ ಕೇಳಿದಾಗ, "ಅತ್ತಿ, ನನಗ ಕರಡಿ ಟೊಪಗಿ ಬೇಕು. ದರೋಜಿ ಕರಡಿದು" ಎಂದಳು.

ಆ ಕೊನೆಯ ಮಾತು ಇಲ್ಲದೆ ಹೋಗಿದ್ದರೆ ನಾನು ಬಹುಶಃ ಅಂತರ್ಜಾಲದಲ್ಲಿ ಸಿಗುವ ಯಾವುದೋ ಮಾದರಿಯನ್ನು ತೆಗೆದುಕೊಂಡು ಕೂರುತ್ತಿದ್ದೆ. ಅಲ್ಲಿ ಕರಡಿ ಟೋಪಿಗಳು ನೂರಾರಿವೆ, ಮತ್ತು ಅವುಗಳಲ್ಲಿ ಹೆಚ್ಚಿನವು ಒಂದೇ ಕರಡಿ: ಕಂದು ಬಣ್ಣ, ನುಣುಪಾದ ಮೈ, ನೆತ್ತಿಯ ಎರಡು ಬದಿಗೆ ಎರಡು ಗುಂಡು ಕಿವಿ. ಅದು ಶೀತದೇಶಗಳ ಕರಡಿ, ಅದಕ್ಕಿಂತ ಹೆಚ್ಚಾಗಿ ಆಟಿಕೆಯ ಕರಡಿ. ನಮ್ಮ ಮಗು ನೋಡಿದ್ದು ಅದನ್ನಲ್ಲ. ದಸರಾ ರಜೆಯಲ್ಲಿ ಎಲ್ಲರೂ ಹಂಪಿಗೆ ಹೋದಾಗ ಹತ್ತಿರದ ದರೋಜಿ ಕರಡಿಧಾಮಕ್ಕೂ ಹೋಗಿದ್ದೆವು. 1994ರಲ್ಲಿ ಸ್ಥಾಪನೆಯಾದ ಆ ಧಾಮದಲ್ಲಿ ಮಧ್ಯಾಹ್ನದ ಹೊತ್ತು ಬಂಡೆಗಳ ಮೇಲೆ ಬೆಲ್ಲದ ಪಾಕ ಸವರಿಡುತ್ತಾರೆ, ಬಿಸಿಲು ಇಳಿಯುವಾಗ ಕರಡಿಗಳು ಕುರುಚಲು ಕಾಡಿನಿಂದ ಹೊರಬಂದು ಅದನ್ನು ನೆಕ್ಕುತ್ತವೆ, ವೀಕ್ಷಣಾ ಗೋಪುರದಲ್ಲಿ ನಿಂತು ನೋಡಬಹುದು. ಅಲ್ಲಿ ಬಂದದ್ದು ಕೆದರಿದ ಉದ್ದ ಕೂದಲಿನ ಕಪ್ಪು ಪ್ರಾಣಿ. ಅದರ ಮೂತಿ ಮಾತ್ರ ಮಾಸಿದ ಬಿಳಿ; ಕಿವಿಗಳು ದೊಡ್ಡವು, ಅಗಲಕ್ಕೆ ಚಾಚಿದವು, ಅವುಗಳಿಂದಲೂ ಕೂದಲು ಜೋತುಬಿದ್ದಿರುತ್ತದೆ; ಕುತ್ತಿಗೆಯ ಸುತ್ತ ಕೂದಲು ಇನ್ನಷ್ಟು ಉದ್ದ. ಮರಿಗಳು ತಾಯಿಯ ಬೆನ್ನೇರಿ ಆ ಕೂದಲನ್ನೇ ಹಿಡಿದುಕೊಂಡು ಹೋಗುತ್ತವೆ. ಮೂರು ವರ್ಷದ ಮಗು ಇಷ್ಟನ್ನೂ ಕಣ್ಣಲ್ಲಿ ತುಂಬಿಕೊಂಡು ಬಂದಿರುವಾಗ ಅದರ ತಲೆಗೆ ಕಂದು ಆಟಿಕೆಯನ್ನು ಕೂರಿಸುವುದು ಅದರ ನೋಟಕ್ಕೆ ಮಾಡುವ ಅಗೌರವವೆಂದು ನಾನು ತಿಳಿಯುತ್ತೇನೆ. ಚಿಕ್ಕವರಿಗೆ ಏನು ಕೊಟ್ಟರೂ ನಡೆಯುತ್ತದೆ ಎಂಬ ಧೋರಣೆ ಕೈಕೆಲಸದಲ್ಲಿಯೂ ಇದೆ. ಅದನ್ನು ನಾನು ಒಪ್ಪುವುದಿಲ್ಲ.

ಆದರೆ ಕರಡಿಗಿಂತ ಮೊದಲು ತಲೆ. ದೇಹದ ಶಾಖದಲ್ಲಿ ಅರ್ಧದಷ್ಟು ತಲೆಯಿಂದಲೇ ಹೋಗುತ್ತದೆ ಎಂದು ಹಲವರು ಹೇಳುತ್ತಾರೆ, ಅದು ನಿಜವಲ್ಲ. ಬರಿದಾಗಿ ಬಿಟ್ಟ ಯಾವ ಭಾಗದಿಂದಲೂ ಶಾಖ ಹೋಗುತ್ತದೆ. ಹಾಗಿದ್ದರೂ ಮಕ್ಕಳ ವಿಷಯದಲ್ಲಿ ತಲೆಗೆ ವಿಶೇಷ ಲೆಕ್ಕವಿದೆ. ಸುಟ್ಟಗಾಯದ ವಿಸ್ತಾರವನ್ನು ಅಂದಾಜು ಮಾಡಲು ವೈದ್ಯರು ಬಳಸುವ ಕ್ರಮದಲ್ಲಿ ದೊಡ್ಡವರ ತಲೆ ಮತ್ತು ಕುತ್ತಿಗೆಯನ್ನು ಮೈಯ ಒಟ್ಟು ಮೇಲ್ಮೈಯ ಶೇ 9 ಎಂದು ಹಿಡಿದರೆ, ಒಂದು ವರ್ಷದ ಮಗುವಿನದನ್ನು ಶೇ 18 ಎಂದು ಹಿಡಿಯುತ್ತಾರೆ, ಬೆಳೆದಂತೆ ಆ ಪಾಲು ಕಡಿಮೆಯಾಗುತ್ತ ಬರುತ್ತದೆ. ಮಗು ಎಷ್ಟು ಚಿಕ್ಕದೋ ತಲೆಯ ಪಾಲು ಅಷ್ಟು ದೊಡ್ಡದು. ಟೋಪಿ ಬೆಚ್ಚಗಿಡುವುದು ದಾರದೊಳಗೆ ನಿಂತ ಗಾಳಿಯಿಂದ. ಆ ಗಾಳಿ ಅಲುಗದಂತೆ ಇರುವವರೆಗೆ ಮಾತ್ರ ಅದು ಬೆಚ್ಚಗೆ. ಕ್ರೋಶಾದ ದೌರ್ಬಲ್ಯ ಇರುವುದು ಇಲ್ಲಿಯೇ. ನಮ್ಮ ತಾಯಂದಿರು ಬಾಗಿಲ ತೋರಣಕ್ಕೆ, ಟಿ.ವಿ.ಯ ಮೇಲಿನ ಹೊದಿಕೆಗೆ ಹೆಣೆಯುತ್ತಿದ್ದ ಕ್ರೋಶಾದ ಚೆಲುವೆಲ್ಲ ಅದರ ರಂಧ್ರಗಳಲ್ಲಿತ್ತು. ಆಟೊದಲ್ಲಿ ಕೂತ ಮಗುವಿಗೆ ಆ ರಂಧ್ರಗಳೇ ಶತ್ರು. ಆದ್ದರಿಂದ ಉದ್ದ ಕಂಬಗಳಂತೆ ನಿಲ್ಲುವ ಡಬಲ್ ಕ್ರೋಶಾವನ್ನು ಬಿಟ್ಟು, ಅದಕ್ಕಿಂತ ಗಿಡ್ಡವಾಗಿ ಒತ್ತಾಗಿ ಕೂರುವ ಹಾಫ್ ಡಬಲ್ ಕ್ರೋಶಾದಲ್ಲಿಯೇ ಟೋಪಿಯ ಮುಖ್ಯ ಭಾಗವನ್ನು ಮಾಡಬೇಕೆಂದು ನಿರ್ಧರಿಸಿದೆ. ಇಲ್ಲಿ ನಾನು ಬರೆಯುತ್ತಿರುವ ಹೆಸರುಗಳು ಅಮೆರಿಕದ ಪದ್ಧತಿಯವು; ಬ್ರಿಟನ್ನಿನ ಮಾದರಿ ಹಿಡಿದು ಕೆಲಸ ಮಾಡುವವರು ಹಾಫ್ ಟ್ರೆಬಲ್ ಎಂದು ಓದಿಕೊಳ್ಳಬೇಕು.

ದಾರದ ವಿಷಯಕ್ಕೆ ಬಂದರೆ, ಅಂಗಡಿಯಲ್ಲಿ ಬೇಬಿ ವುಲ್ ಎಂದು ಕೊಡುವುದು ಅನೇಕ ಸಲ ಪೂರ್ತಿ ಅಕ್ರಿಲಿಕ್, ಅಂದರೆ ಕೃತಕ ದಾರ ಆಗಿರುತ್ತದೆ. ಉಂಡೆಯ ಮೇಲಿನ ಪಟ್ಟಿಯನ್ನು ಓದಿಯೇ ಕೊಳ್ಳಬೇಕು. ಅಕ್ರಿಲಿಕ್ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ: ಚುಚ್ಚುವುದಿಲ್ಲ, ಒಗೆದರೆ ಕುಗ್ಗುವುದಿಲ್ಲ, ಬೆಲೆಯೂ ಕೈಗೆ ಎಟಕುವಂಥದ್ದು. ಆದರೆ ಬೆಂಕಿ ತಗುಲಿದರೆ ಅದು ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಚಳಿಗಾಲದ ನಸುಕಿನಲ್ಲಿ ಅಂಗಳದಲ್ಲಿ ಬೆಂಕಿ ಹಾಕಿ ಕಾಯಿಸಿಕೊಳ್ಳುವ ರೂಢಿ ನಮ್ಮ ಊರುಗಳಲ್ಲಿ ಇನ್ನೂ ಇರುವುದರಿಂದ ಇದನ್ನು ಒತ್ತಿ ಹೇಳಬೇಕು; ಅಕ್ರಿಲಿಕ್ ಟೋಪಿ, ಸ್ವೆಟರ್ ಹಾಕಿದ ಮಗುವನ್ನು ಬೆಂಕಿಯ ಪಕ್ಕ ಕೂರಿಸಬಾರದು. ಉಣ್ಣೆ ಹಾಗೆ ಬೇಗ ಹೊತ್ತಿಕೊಳ್ಳುವುದಿಲ್ಲ. ತಲೆಗೆ ತಾಗುವ ಮುಖ್ಯ ಭಾಗಕ್ಕೆ ನಾನು ಮೆರಿನೊ ಎಂಬ ತಳಿಯ ಕುರಿಯ ಮೆತ್ತಗಿನ ಉಣ್ಣೆಯನ್ನೇ ತರಿಸಿಕೊಂಡೆ, ಖರ್ಚು ಸ್ವಲ್ಪ ಹೆಚ್ಚಾದರೂ ಸರಿ ಎಂದು. ಈ ಅಳತೆಯ ಟೋಪಿಗೆ ಹಿಡಿಯುವುದು 60ರಿಂದ 80 ಗ್ರಾಂ ಮಾತ್ರ.

ಕರಡಿಯ ಕೂದಲಿಗೆ ಮಾತ್ರ ಬೇರೆ ದಾರ ಬೇಕಾಗಿತ್ತು. ಮೆರಿನೊ ತೀರ ಸೌಮ್ಯ. ಅದರಲ್ಲಿ ಎಳೆದ ಕುಣಿಕೆಗಳು ಮಲಗಿಬಿಡುತ್ತವೆ, ಕೆದರಿ ನಿಲ್ಲುವುದಿಲ್ಲ. ಅದಕ್ಕೆ ತಕ್ಕದ್ದು ನಮ್ಮಲ್ಲಿಯೇ ಇದೆ. ಚಳ್ಳಕೆರೆಯ ಕಂಬಳಿಗೆ ಬಳಸುವ ದಖನಿ ಕುರಿಯ ಉಣ್ಣೆ ಹುಟ್ಟಿನಿಂದಲೇ ಕಪ್ಪು, ಬಣ್ಣ ಹಾಕಬೇಕಾಗಿಲ್ಲ. ಆ ಕಪ್ಪಿನೊಳಗೆ ಅಲ್ಲಲ್ಲಿ ಕಂದಿನ ಎಳೆಗಳೂ ಸೇರಿರುತ್ತವೆ, ಥೇಟ್ ಬಿಸಿಲಲ್ಲಿ ನಿಂತ ಕರಡಿಯ ಬೆನ್ನಿನ ಬಣ್ಣ. ಕೈಯಲ್ಲಿ ನೂತದ್ದಾದ್ದರಿಂದ ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ. ಹುಣಸೆ ಬೀಜದ ಗಂಜಿ ಹಾಕಿದ ಕಂಬಳಿ ಹೊದ್ದವರಿಗೆ ಆ ಉಣ್ಣೆ ಎಷ್ಟು ಒರಟು ಎಂಬುದು ಗೊತ್ತು. ಎಳೆಯ ಚರ್ಮಕ್ಕೆ ಅದು ತಾಗಲೇಬಾರದು. ಆದರೆ ಟೋಪಿಯ ಹೊರಮೈಯಲ್ಲಿ, ಕಿವಿಯ ಹಿಂದೆ, ಚರ್ಮಕ್ಕೆ ತಗುಲದ ಜಾಗದಲ್ಲಿ ಅದೇ ಒರಟುತನ ಗುಣವಾಗುತ್ತದೆ. ಕಂಬಳಿ ನೇಯುವ ಪರಿಚಿತರೊಬ್ಬರಿಂದ ಗಂಜಿ ಹಾಕದ ದಾರವನ್ನು ಸ್ವಲ್ಪ ತರಿಸಿಕೊಂಡು, ಬೆಚ್ಚಗಿನ ನೀರಲ್ಲಿ ನೆನೆಸಿ ತೊಳೆದು ನೆರಳಿಗೆ ಹಾಕಿದೆ.

ಅಳತೆಯನ್ನು ತಮ್ಮನಿಗೆ ಫೋನಿನಲ್ಲಿಯೇ ಹೇಳಿ ತೆಗೆಸಿದೆ. ಹುಬ್ಬಿನ ಮೇಲಿನಿಂದ, ಕಿವಿಗಳ ಮೇಲಿನಿಂದ, ಹಿಂದೆ ತಲೆ ಎಲ್ಲಿ ಹೆಚ್ಚು ಉಬ್ಬಿದೆಯೋ ಅಲ್ಲಿಂದ ಟೇಪು ಸುತ್ತಿ ಬರಬೇಕು. ಟೇಪು ಇಲ್ಲದಿದ್ದರೆ ದಾರ ಸುತ್ತಿ ಸ್ಕೇಲಿನಲ್ಲಿ ಅಳೆದರೂ ಆದೀತು. 48.5 ಸೆಂ.ಮೀ. ಬಂತು. ಹೆಣೆದದ್ದು ಹಿಗ್ಗುತ್ತದೆ, ಹಾಗಾಗಿ ಟೋಪಿ ತಲೆಗಿಂತ ಸುಮಾರು 3 ಸೆಂ.ಮೀ. ಚಿಕ್ಕದಿದ್ದರೆ ತಲೆಯನ್ನು ಹಿಡಿದು ನಿಲ್ಲುತ್ತದೆ. ತಲೆಯಷ್ಟೇ ಅಳತೆಗೆ ಮಾಡಿದ ಟೋಪಿ ವಾರದೊಳಗೆ ಕಣ್ಣಿನ ಮೇಲೆ ಇಳಿಯುತ್ತದೆ. ಅಂದರೆ ಸುತ್ತಳತೆ 45.5. ಇದನ್ನು 3.14ರಿಂದ ಭಾಗಿಸಿದರೆ ಟೋಪಿ ಶುರುವಾಗುವ ನೆತ್ತಿಯ ಚಪ್ಪಟೆ ಬಿಲ್ಲೆ ಎಷ್ಟು ಅಗಲವಾಗುವವರೆಗೆ ಹೊಲಿಗೆಗಳನ್ನು ಹೆಚ್ಚಿಸುತ್ತ ಹೋಗಬೇಕು ಎಂಬುದು ಸಿಗುತ್ತದೆ: ಸುಮಾರು 14.5 ಸೆಂ.ಮೀ. ಈ ಒಂದು ಭಾಗಾಕಾರವನ್ನು ಕಲಿತವರಿಗೆ ಯಾರ ಮಾದರಿಯ ಹಂಗೂ ಬೇಕಾಗುವುದಿಲ್ಲ. 5 ಮಿ.ಮೀ. ಕಡ್ಡಿಯಲ್ಲಿ ನನ್ನ ಕೈಗೆ 10 ಸೆಂ.ಮೀ.ಗೆ 14 ಹೊಲಿಗೆ ಬರುತ್ತವೆ. ಮ್ಯಾಜಿಕ್ ರಿಂಗ್‌ನಲ್ಲಿ, ಅಂದರೆ ಎಳೆದು ಬಿಗಿ ಮಾಡಬಹುದಾದ ದಾರದ ಉಂಗುರದಲ್ಲಿ, 8 ಹೊಲಿಗೆಯಿಂದ ಆರಂಭಿಸಿ, ಪ್ರತಿ ಸುತ್ತಿಗೆ 8 ಹೆಚ್ಚಿಸಿದರೆ 16, 24, 32 ಎಂದು ಏರಿ ಎಂಟನೆಯ ಸುತ್ತಿಗೆ 64 ಆಗುತ್ತದೆ, ಬಿಲ್ಲೆಯೂ ಬೇಕಾದ ಅಗಲಕ್ಕೆ ಬಂದಿರುತ್ತದೆ. ಅಲ್ಲಿಂದ ಮುಂದೆ ಹೆಚ್ಚಿಸದೆ ಅದೇ 64ರಲ್ಲಿ ಸುತ್ತುತ್ತ ಹೋದರೆ ಬಿಲ್ಲೆ ತಾನಾಗಿ ಕೆಳಗೆ ಬಾಗಿ ಬಟ್ಟಲಾಗುತ್ತದೆ. ನೆತ್ತಿಯ ನಡುವಿನಿಂದ ಅಂಚಿನವರೆಗೆ 17 ಸೆಂ.ಮೀ. ಆಗುವಷ್ಟರಲ್ಲಿ ಕಿವಿಯ ಹಾಲೆಯ ಹತ್ತಿರ ಬಂದಿರುತ್ತೇವೆ.

ಕಪ್ಪು ದಾರದಲ್ಲಿ ಕೆಲಸ ಮಾಡುವವರಿಗೆ ಒಂದು ಮಾತು. ಕಪ್ಪಿನಲ್ಲಿ ಹೊಲಿಗೆ ಕಾಣುವುದಿಲ್ಲ. ಟ್ಯೂಬ್‌ಲೈಟಿನ ಕೆಳಗಂತೂ ಎಲ್ಲವೂ ಒಂದೇ ಮುದ್ದೆ. ಹಗಲು ಹೊತ್ತು ಕಿಟಕಿಯ ಪಕ್ಕ ಕೂತು, ತೊಡೆಯ ಮೇಲೆ ಬಿಳಿ ಧೋತರವನ್ನು ಹಾಸಿಕೊಂಡರೆ ಕಡ್ಡಿ ಹೋಗಬೇಕಾದ ಕಣ್ಣುಗಳು ಬಿಳಿಯ ಚುಕ್ಕೆಗಳಾಗಿ ತೋರುತ್ತವೆ. ಕೆಲವು ಸುತ್ತುಗಳ ನಂತರ ಎಡಗೈಯ ಹೆಬ್ಬೆರಳಿಗೇ ಹೊಲಿಗೆಯ ತಲೆ ತಿಳಿಯತೊಡಗುತ್ತದೆ, ಆಮೇಲೆ ಕಣ್ಣಿನ ಕೆಲಸ ಅರ್ಧ ಕಡಿಮೆ.

ಪ್ರಾಣಿಯೊಂದು ಟೋಪಿಯಲ್ಲಿ ಹುಟ್ಟುವುದು ಕಿವಿಗಳಲ್ಲಿ. ಟೋಪಿಯನ್ನು ಎದುರಿನಿಂದ ನೋಡುತ್ತ ಅದನ್ನು ಗಡಿಯಾರದ ಮುಖವೆಂದು ಭಾವಿಸಿಕೊಂಡರೆ ಬೆಕ್ಕಿನ ಕಿವಿಗಳು 11 ಮತ್ತು 1 ಗಂಟೆಯ ಜಾಗದಲ್ಲಿರುತ್ತವೆ, ಆಟಿಕೆ ಕರಡಿಯವು 10 ಮತ್ತು 2ರಲ್ಲಿ. ನಮ್ಮ ಕರಡಿಯವು ಅದಕ್ಕಿಂತಲೂ ಕೆಳಗೆ, ಒಂಬತ್ತೂವರೆ ಮತ್ತು ಎರಡೂವರೆಯ ಹತ್ತಿರ. ಇಷ್ಟೇ ಸ್ಥಳಾಂತರದಿಂದ ಮುಖದ ಸ್ವಭಾವ ಬದಲಾಗುತ್ತದೆ. ಕಿವಿಗಳನ್ನು ಗುಂಡುಸೂಜಿಯಲ್ಲಿ ಸಿಕ್ಕಿಸಿ, ಟೋಪಿಯನ್ನು ಮಗುವಿನ ತಲೆಯಷ್ಟೇ ಇರುವ ಸ್ಟೀಲ್ ಡಬ್ಬಿಯ ಮೇಲೆ ಕೂರಿಸಿ, ಕೋಣೆಯ ಆ ತುದಿಯಲ್ಲಿ ನಿಂತು ನೋಡಬೇಕು. ಹತ್ತಿರದಿಂದ ಅದು ತಿಳಿಯುವುದಿಲ್ಲ. ಒಂದೊಂದು ಕಿವಿಗೂ ಎರಡು ಪದರ: ಹೊರಗೆ ಕಪ್ಪು, ಒಳಗೆ ಗಾಢ ಕಂದು. ಇನ್ನೂ ಗಿಡ್ಡ ಹೊಲಿಗೆಯಾದ ಸಿಂಗಲ್ ಕ್ರೋಶಾದಲ್ಲಿ 6, 12, 18, 24 ಎಂದು ನಾಲ್ಕು ಸುತ್ತಿನ ಬಿಲ್ಲೆಗಳನ್ನು ಹೆಣೆದು ಎರಡೆರಡನ್ನು ಜೋಡಿಸಿದೆ. ಟೋಪಿಗೆ ಹೊಲಿಯುವಾಗ ಬುಡವನ್ನು ನೇರ ಗೆರೆಯಲ್ಲಿ ಹೊಲಿದರೆ ಕಿವಿ ಚಪ್ಪಟೆಯಾಗಿ ಹಿಂದಕ್ಕೆ ಬೀಳುತ್ತದೆ. ಬಿಲ್ಲಿನ ಹಾಗೆ ಬಾಗಿಸಿ ಹೊಲಿದರೆ ಬೊಗಸೆಯಂತೆ ಮುಂದಕ್ಕೆ ತೆರೆದು ನಿಲ್ಲುತ್ತದೆ, ಯಾವುದೋ ಸದ್ದು ಕೇಳಿಸಿಕೊಳ್ಳುತ್ತಿರುವ ಪ್ರಾಣಿಯದೇ ಕಿವಿ ಅದು.

ಆ ಕಿವಿಗಳ ಹಿಂದಿನಿಂದ ಕತ್ತಿನವರೆಗೆ ದಖನಿ ಉಣ್ಣೆಯಲ್ಲಿ ಲೂಪ್ ಸ್ಟಿಚ್ ಹಾಕಿದೆ. ಇದರಲ್ಲಿ ಪ್ರತಿ ಹೊಲಿಗೆಯಲ್ಲಿಯೂ ದಾರವನ್ನು ಎಡಗೈಯ ಬೆರಳಿನ ಮೇಲೆ ಎಳೆದು ಕುಣಿಕೆಯಾಗಿ ಬಿಡಬೇಕು, ಬೆರಳಿನ ದಪ್ಪವೇ ಕುಣಿಕೆಯ ಉದ್ದವನ್ನು ನಿರ್ಧರಿಸುತ್ತದೆ. ಕುಣಿಕೆಗಳು ನಮ್ಮ ಕಡೆಗೆ ಬರದೆ ಹೆಣಿಗೆಯ ಹಿಂಬದಿಯಲ್ಲಿ ಮೂಡುತ್ತವೆ. ಆದ್ದರಿಂದ ಟೋಪಿಯ ಒಳಮೈ ನಮ್ಮೆದುರು ಇರುವಂತೆ ತಿರುಗಿಸಿಕೊಂಡು ಹೆಣೆಯಬೇಕು. ಇಡೀ ಟೋಪಿಗೆ ಇದನ್ನು ಹಾಕುವ ಆಸೆಯಾಗುತ್ತದೆ. ಹಾಕಬಾರದು: ತೂಕ ಏರುತ್ತದೆ, ಭಾರದ ಟೋಪಿಯನ್ನು ಮಗು ಐದು ನಿಮಿಷದಲ್ಲಿ ಕಿತ್ತೆಸೆಯುತ್ತದೆ. ಹಿಂದೆ ಮಾತ್ರ ಹಾಕಿದರೆ ಕುತ್ತಿಗೆಯ ಕೂದಲೂ ಆಯಿತು, ಕುಣಿಕೆಗಳ ನಡುವೆ ಗಾಳಿ ನಿಂತು ಹಿಂದಲೆಗೆ ಬೆಚ್ಚಗೂ ಆಯಿತು. ಕುಣಿಕೆಗಳು ಬೆರಳು ಸಿಕ್ಕಿಕೊಳ್ಳದಷ್ಟು ಗಿಡ್ಡವಾಗಿರಲಿ. ಒಂದು ವರ್ಷಕ್ಕಿಂತ ಚಿಕ್ಕ ಕೂಸಿನ ಟೋಪಿಗಾದರೆ ನಾನು ಇದನ್ನು ಹಾಕುವುದೇ ಇಲ್ಲ.

ಮೂತಿಗೆ ಕೆನೆಬಣ್ಣದ ಒಂದು ಅಂಡಾಕಾರ. ಹತ್ತಿ ತುಂಬಿ ಉಬ್ಬಿಸಿದ ಮೂತಿ ನೋಡಲು ಚೆನ್ನ, ಆದರೆ ಮುಂದಿನ ಭಾರ ಟೋಪಿಯನ್ನು ಹುಬ್ಬಿನ ಕೆಳಕ್ಕೆ ಎಳೆಯುತ್ತದೆ. ಆದ್ದರಿಂದ ಚಪ್ಪಟೆಯಾಗಿಯೇ ಇರಿಸಿ, ಉದ್ದ ಮೂತಿಯ ಭಾವ ಬರುವಂತೆ ಸ್ವಲ್ಪ ಕೆಳಕ್ಕೆ ಇಳಿಸಿ ಹೊಲಿದೆ. ಕಣ್ಣುಗಳ ಜಾಗವನ್ನು ಕುರಿತು ಹೆಚ್ಚು ಯೋಚಿಸಬೇಕಾಯಿತು. ದೊಡ್ಡ ತಲೆ, ಎತ್ತರದ ಹಣೆ, ಮುಖದ ಕೆಳಭಾಗದಲ್ಲಿರುವ ದೊಡ್ಡ ಕಣ್ಣು, ಇವು ಮರಿಗಳ ಮುಖಲಕ್ಷಣ, ಇವನ್ನು ಕಂಡರೆ ನಮ್ಮಲ್ಲಿ ಮಮತೆ ಉಕ್ಕುತ್ತದೆ ಎಂದು ಪ್ರಾಣಿವರ್ತನೆಯ ವಿಜ್ಞಾನಿ ಕೊನ್ರಾಡ್ ಲೊರೆಂಜ್ 1943ರಲ್ಲಿಯೇ ಬರೆದರು. ಟೋಪಿ ಮಾಡುವವರೆಲ್ಲ ತಿಳಿದೋ ತಿಳಿಯದೆಯೋ ಇದನ್ನೇ ಅನುಸರಿಸುತ್ತಾರೆ, ಗೋಲಿಯಂಥ ಕಣ್ಣುಗಳನ್ನು ಇಡುತ್ತಾರೆ. ನಮ್ಮ ಕರಡಿಯ ಕಣ್ಣು ಚಿಕ್ಕದು. ಚಿಕ್ಕದಾಗಿಯೇ ಉಳಿಸಿ, ಜಾಗವನ್ನು ಮಾತ್ರ ಕೆಳಗೆ ಮೂತಿಯ ಪಕ್ಕಕ್ಕೆ ತಂದೆ. ಅಷ್ಟರಿಂದಲೇ ಅದು ದೊಡ್ಡ ಕರಡಿಯಾಗದೆ ಮರಿಯಾಯಿತು. ಕಣ್ಣಿಗೆ ಗುಂಡಿಯನ್ನಾಗಲಿ ಮಣಿಯನ್ನಾಗಲಿ ಹಾಕಲಿಲ್ಲ. ಎಷ್ಟೇ ಗಟ್ಟಿಯಾಗಿ ಹೊಲಿದರೂ ಜಗಿಯುವ ಮಗುವಿನ ಹಲ್ಲಿಗೆ ದಾರ ಒಂದು ದಿನ ಸೋಲುತ್ತದೆ, ಗುಂಡಿ ಗಂಟಲಿಗೆ ಹೋಗುತ್ತದೆ. ಕಣ್ಣು, ಮೂಗು ಎರಡನ್ನೂ ಕಸೂತಿ ಸೂಜಿಯಲ್ಲಿ ದಾರ ತುಂಬಿ ಮಾಡಿದೆ. ಕಪ್ಪಿನ ಮೇಲೆ ಕಪ್ಪು ಕಣ್ಣು ಕಾಣಿಸಲೆಂದು ಸುತ್ತ ಕಂದು ದಾರದ ಒಂದು ಎಳೆ, ಒಳಗೆ ಬಿಳಿಯ ಒಂದು ಚುಕ್ಕೆ.

ಉಳಿದದ್ದು ಒಳಪದರ. ಜವಳ ತೆಗೆದ ತಲೆಯಲ್ಲಿ ಮರುವಾರವೇ ಮೊಳೆಯುವ ಚೂಪು ಕೂದಲು ಉಣ್ಣೆಯ ಹೆಣಿಗೆಗೆ ಸಿಕ್ಕಿಕೊಂಡು, ಟೋಪಿ ತೆಗೆಯುವಾಗಲೆಲ್ಲ ಎಳೆಯುತ್ತದೆ. ಸೀರೆಯ ತುಂಡು, ಧೋತರ, ಫ್ಲಾನೆಲ್ ಎಲ್ಲವೂ ಮೆತ್ತಗಿದ್ದರೂ ಹಿಗ್ಗುವುದಿಲ್ಲ; ಹಿಗ್ಗದ ಬಟ್ಟೆಯನ್ನು ಒಳಗೆ ಕೊಟ್ಟರೆ ಹೆಣಿಗೆಯ ಹಿಗ್ಗೂ ಸತ್ತುಹೋಗುತ್ತದೆ. ಇದಕ್ಕೆ ಅತ್ಯುತ್ತಮವಾದದ್ದು ಒಗೆದು ಒಗೆದು ಮೆತ್ತಗಾದ ಹತ್ತಿಯ ಬನಿಯನ್ ಬಟ್ಟೆ. ಅದನ್ನು ನಾಲ್ಕು ಎಸಳಾಗಿ ಕತ್ತರಿಸಿ ಸೇರಿಸಿ, ಹೊಲಿಗೆಯ ಗೀಟು ತಲೆಗೆ ತಾಗದಂತೆ ಉಣ್ಣೆಯ ಕಡೆಗೆ ತಿರುಗಿಸಿ, ಅಂಚಿಗೆ ಸಡಿಲವಾಗಿ ಹೊಲಿದೆ. ಆಟೊದ ಗಾಳಿಗೆ ತಡೆಯಾದದ್ದು ಉಣ್ಣೆಗಿಂತ ಹೆಚ್ಚಾಗಿ ಈ ಪದರವೇ. ಎರಡು ಬದಿಗೆ ಕಿವಿ ಮುಚ್ಚುವ ಪಟ್ಟಿಗಳನ್ನು ಇಳಿಸಿ, ಒಂದರ ತುದಿಯಿಂದ ಗದ್ದದ ಕೆಳಗೆ ಹಾದುಹೋಗುವ ಅಗಲವಾದ ಗಿಡ್ಡ ಪಟ್ಟಿಯೊಂದನ್ನು ಹೆಣೆದೆ. ಅದು ಇನ್ನೊಂದು ಬದಿಗೆ ವೆಲ್ಕ್ರೊದಿಂದ ಅಂಟುತ್ತದೆ, ಯಾವುದಕ್ಕಾದರೂ ಸಿಕ್ಕಿ ಎಳೆದರೆ ತಾನಾಗಿ ಬಿಚ್ಚಿಕೊಳ್ಳುತ್ತದೆ. ಜೋತುಬೀಳುವ ಉದ್ದ ಜಡೆ, ಗೊಂಡೆಗಳು ಚಿತ್ರದಲ್ಲಿ ಎಷ್ಟೇ ಮುದ್ದಾಗಿದ್ದರೂ ಜಾರುಬಂಡೆಗೆ, ಆಟೊದ ಕಂಬಿಗೆ ಸಿಕ್ಕಿಕೊಂಡು ಕೊರಳಿಗೆ ಉರುಲಾಗಬಹುದು. ತೊಟ್ಟಿಲಲ್ಲಿ ಮಲಗುವ ಕೂಸಿಗೆ ಕುಲಾವಿ ಕಟ್ಟಿಯೇ ಮಲಗಿಸುವ ನಮ್ಮ ರೂಢಿಯನ್ನೂ ಬಿಡಬೇಕಾಗಿದೆ. ನಿದ್ದೆಯಲ್ಲಿ ಟೋಪಿ ಜಾರಿ ಮೂಗು ಬಾಯಿ ಮುಚ್ಚಬಹುದು, ಮೈ ಅತಿಯಾಗಿ ಬಿಸಿಯೇರಬಹುದು ಎಂದು ಮಕ್ಕಳ ವೈದ್ಯರು ಎಚ್ಚರಿಸುತ್ತಾರೆ. ಟೋಪಿ ಹೊರಗಿನ ಚಳಿಗೆ, ಎಚ್ಚರವಿರುವ ಹೊತ್ತಿಗೆ.

ತೊಳೆಯುವುದನ್ನು ತಮ್ಮನ ಹೆಂಡತಿಗೆ ಬರೆದೇ ಕಳಿಸಿದೆ: ತಣ್ಣೀರು, ಮೆತ್ತಗಿನ ಸೋಪು, ತಿಕ್ಕದೆ ಹಿಂಡದೆ ಒತ್ತಿ ನೀರು ತೆಗೆಯುವುದು, ಟವೆಲಿನ ಮೇಲೆ ಹರಡಿ ನೆರಳಲ್ಲಿ ಒಣಗಿಸುವುದು. ಬಿಸಿನೀರಿಗೆ ಹಾಕಿ ತಿಕ್ಕಿದರೆ ಮೆರಿನೊ ಕುಗ್ಗಿ ಗಟ್ಟಿಯಾಗುತ್ತದೆ, ಮತ್ತೆ ಹಿಗ್ಗಿಸಲು ಬರುವುದಿಲ್ಲ. ಈ ವಯಸ್ಸಿನಲ್ಲಿ ತಲೆಯ ಸುತ್ತಳತೆ ಬೆಳೆಯುವುದು ವರ್ಷಕ್ಕೆ ಒಂದು ಸೆಂ.ಮೀ.ನಷ್ಟೂ ಇರುವುದಿಲ್ಲ, ಆದ್ದರಿಂದ ಮುಂದಿನ ಚಳಿಗೂ ಟೋಪಿ ಬಂದೀತು. ಮೇಲಿನಿಂದ ಕೆಳಕ್ಕೆ ಹೆಣೆದದ್ದಾದ್ದರಿಂದ ಅಂಚನ್ನು ಬಿಚ್ಚಿ ಎರಡು ಸುತ್ತು ಸೇರಿಸಲೂ ಆಗುತ್ತದೆ. ಅದಕ್ಕೆಂದು ದಾರ ಉಳಿಸಿಕೊಂಡಿದ್ದೇನೆ.

ಟೋಪಿ ತಲುಪಿದ ದಿನ ಅವಳು ಅದನ್ನು ಕಳಚದೆ ಊಟಕ್ಕೆ ಕೂತಳೆಂದು ತಮ್ಮ ಹೇಳಿದ. ಆಮೇಲೆ ಫೋನು ತಾನೇ ಇಸಿದುಕೊಂಡು, "ಅತ್ತಿ, ಎದೀ ಮ್ಯಾಲಿನ ಬಿಳೀದು ಎಲ್ಲಿ?" ಎಂದು ಕೇಳಿದಳು. ಕರಡಿಯ ಎದೆಯ ಮೇಲೆ ಕೊರಳಹಾರದ ಹಾಗೆ ಇಳಿಯುವ ಬಿಳಿಯ ಗುರುತು ಅದು. ಬಂಡೆಯ ಹತ್ತಿರ ಕರಡಿ ಹಿಂಗಾಲ ಮೇಲೆ ಎದ್ದು ನಿಂತಾಗ ಅರೆಗಳಿಗೆ ಕಂಡಿದ್ದಿರಬೇಕು. ಟೋಪಿಯಲ್ಲಿ ಅದಕ್ಕೆ ಜಾಗವಿಲ್ಲ. ಕಪ್ಪು ಮೆರಿನೊ ಇನ್ನೂ ಎರಡು ಉಂಡೆ ತರಿಸಿ, ಕೆನೆಬಣ್ಣದ ಉಳಿದ ದಾರವನ್ನು ಕೊರಳಪಟ್ಟಿಯಿಂದ ಎದೆಯ ನಡುವಿನವರೆಗೆ ಇಳಿಸಿ, ತೋಳಿಲ್ಲದ ಒಂದು ಸ್ವೆಟರನ್ನು ಸಂಕ್ರಾಂತಿಯೊಳಗೆ ಮುಗಿಸಿ ಕಳಿಸುತ್ತೇನೆಂದು ಅವಳಿಗೆ ಹೇಳಿದ್ದೇನೆ.